ಅಂಕಿತ ಅಳಿಸದ ಸಂಪಾದನೆ

ಗೆಳತಿಯೊಬ್ಬಳ ಜೊತೆ ಸೇರಿ ಒಂದು ಓಲೆಗರಿ ಕೃತಿಯನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆ. ನಮ್ಮಿಬ್ಬರ ಕೆಲಸ ಒಂದರೊಳಗೊಂದು ಕಲಸಿಹೋಗದಿರಲೆಂದು ಗಿಟ್ ಬಳಸಿದೆವು. ಲಿನಕ್ಸ್ ಅಭಿವೃದ್ಧಿಗೆಂದು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ ಈ ತಂತ್ರಾಂಶ, ನಾವು ಉಳಿಸಿದ ಪ್ರತಿ ಬದಲಾವಣೆಯನ್ನೂ ಮಾಡಿದವರ ಹೆಸರು, ಹೊತ್ತು, ಟಿಪ್ಪಣಿಯೊಡನೆ ‘ಕಮಿಟ್’ ಆಗಿ ದಾಖಲಿಸುತ್ತದೆ. ಒಬ್ಬೊಬ್ಬರೂ ತಮ್ಮದೇ ಕವಲಿನಲ್ಲಿ ಕೆಲಸ ಮಾಡಿ, ಕೊನೆಗೆ ಮುಖ್ಯ ಪ್ರತಿಗೆ ಕೂಡಿಸಬಹುದು.

ಅವಳ ಕವಲಿನಲ್ಲಿ ನಲವತ್ತು ಕಮಿಟ್‌ಗಳಿದ್ದವು. ‘ಇಲ್ಲಿ ಗರಿ ಮುರಿದಿದೆ, ಪ ಅಲ್ಲ, ವ ಇರಬೇಕು’ ಎಂಬಂಥ ಟಿಪ್ಪಣಿಗಳು. ಇಷ್ಟೆಲ್ಲ ಸಣ್ಣಪುಟ್ಟದ್ದು ಯಾಕೆಂದು ನಾನು ‘ಸ್ಕ್ವಾಶ್’ ಮಾಡಿ, ಎಲ್ಲವನ್ನೂ ಒಂದೇ ಕಮಿಟ್ ಆಗಿ ಸೇರಿಸಿಬಿಟ್ಟೆ. ಪಠ್ಯದಲ್ಲಿ ಒಂದಕ್ಷರವೂ ವ್ಯತ್ಯಾಸವಾಗಲಿಲ್ಲ. ಆದರೆ ಯಾವ ಸಾಲು ಯಾರದೆಂದು ತೋರಿಸುವ ‘ಬ್ಲೇಮ್’ ಆದೇಶ ಕೊಟ್ಟಾಗ, ಅವಳ ಸಾಲುಗಳ ಮುಂದೆಲ್ಲ ನನ್ನ ಹೆಸರಿತ್ತು. “ಓದಿದ್ದು ನಾನು, ಅಂಕಿತ ನಿನ್ನದಾ?” ಎಂದಳು.

ಆ ಮಾತು ನನ್ನನ್ನು ಶೂನ್ಯಸಂಪಾದನೆಯ ಕಡೆಗೆ ಎಳೆಯಿತು. 12ನೇ ಶತಮಾನದ ಶರಣರ ಬಿಡಿ ವಚನಗಳನ್ನು, 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅಲ್ಲಮನನ್ನು ನಡುವಿಟ್ಟುಕೊಂಡು ಒಂದೇ ಸಂವಾದವಾಗಿ ಹೆಣೆದ. ಒಂದರ ಬೆನ್ನಿಗೆ ಒಂದು ಆಡಿದ ಮಾತೆಂಬಂತೆ ಅವು ಕೇಳಿಸುತ್ತವೆ. ಗಿಟ್‌ನ ‘ರೀಬೇಸ್’ ಮಾಡುವುದೂ ಇದನ್ನೇ: ಅಕ್ಕಪಕ್ಕದಲ್ಲಿ ನಡೆದ ಕೆಲಸವನ್ನು ಒಂದರ ನಂತರ ಒಂದು ನಡೆದಂತೆ ಮರುಜೋಡಿಸುತ್ತದೆ. ಕ್ರಮ ಕಲ್ಪಿತ, ಆದರೆ ಓದು ಸಲೀಸು. ಸಂಪಾದನೆಯಲ್ಲಿ ವಚನದ ಅಂಕಿತ ಉಳಿದಂತೆ, ರೀಬೇಸ್‌ನಲ್ಲಿ ಪ್ರತಿ ಕಮಿಟ್‌ನ ಕರ್ತೃವಿನ ಹೆಸರು ಉಳಿಯುತ್ತದೆ. ನನ್ನ ಸ್ಕ್ವಾಶ್ ಅಳಿಸಿದ್ದು ಆ ಅಂಕಿತವನ್ನೇ.

ಮೂರನೆಯ ಬಗೆ ‘ಮರ್ಜ್ ಕಮಿಟ್’. ಅದಕ್ಕೆ ಇಬ್ಬರು ತಾಯಂದಿರು. ಎರಡೂ ಕವಲು ಎಲ್ಲಿ ಬೇರೆಯಾಗಿ ಎಲ್ಲಿ ಕೂಡಿದವೆಂಬುದು ಕಾಣುತ್ತಲೇ ಇರುತ್ತದೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತದ ಪುಟದಂತೆ: ಮೇಲೆ ಒಪ್ಪಿದ ಪಾಠ, ಕೆಳಗೆ ಪಾಠಾಂತರಗಳು. ನೋಡಲು ಗಜಿಬಿಜಿ. ಆದರೆ ಸಂಪಾದಕರ ತೀರ್ಮಾನವನ್ನು ಪ್ರಶ್ನಿಸಲು ಬೇಕಾದ ಸಾಮಗ್ರಿ ಓದುಗರ ಕೈಯಲ್ಲೇ ಇರುತ್ತದೆ.

ಹಾಗೆಂದು ಸ್ಕ್ವಾಶ್ ಕೆಟ್ಟದ್ದೆನ್ನಲಾರೆ. ನನ್ನದೇ ಹತ್ತು ಕಾಗುಣಿತದ ತಿದ್ದುಗಳನ್ನು ಒಂದಾಗಿಸಿದರೆ ಯಾರಿಗೂ ನಷ್ಟವಿಲ್ಲ. ಇನ್ನೊಬ್ಬರಿಗೆ ಕೊಡುವ ಮುನ್ನ ನನ್ನ ಕರಡನ್ನು ರೀಬೇಸ್ ಮಾಡಿ ಓರಣಗೊಳಿಸುವುದೂ ಸರಿಯೇ. ಆದರೆ ಹಂಚಿಕೊಂಡ ಮೇಲೆ ಆ ಇತಿಹಾಸ ನನ್ನೊಬ್ಬನದಲ್ಲ. ಈ ಆಯ್ಕೆಯನ್ನು ತಾಂತ್ರಿಕ ಅನುಕೂಲವೆಂದಷ್ಟೇ ನೋಡುವುದು ತಪ್ಪೆಂದು ನನಗನ್ನಿಸುವುದು ಇದಕ್ಕೇ. ಪಠ್ಯ ಸರಿಯಿದ್ದರೆ ಸಾಕೇ, ಅದು ಸರಿಯೆಂದು ಕಂಡುಕೊಂಡವರೂ ಕಂಡುಕೊಂಡ ಬಗೆಯೂ ಕಾಣಬೇಕೇ ಎಂಬುದು ಗ್ರಂಥಸಂಪಾದನೆಯ ಪ್ರಶ್ನೆ.

ಪುಣ್ಯಕ್ಕೆ ಅವಳ ಲ್ಯಾಪ್‌ಟಾಪಿನಲ್ಲಿ ಕವಲು ಹಾಗೇ ಇತ್ತು. ನಾನು ಸೇರಿಸಿದ್ದನ್ನು ಹಿಂತೆಗೆದು, ಅವಳ ಕವಲನ್ನು ಮರ್ಜ್ ಮಾಡಿದೆವು. ಈಗ ಇತಿಹಾಸ ತೆರೆದರೆ ಅವಳ ನಲವತ್ತೂ ಕಮಿಟ್‌ಗಳು ಅವಳ ಹೆಸರಿನಲ್ಲೇ ಇವೆ. ಅವುಗಳ ಪಕ್ಕದಲ್ಲೇ ನನ್ನ ತಪ್ಪೂ ಅದರ ತಿದ್ದುಪಡಿಯೂ ಇವೆ. ಅವನ್ನು ಅಳಿಸುವುದು ಬೇಡವೆಂದು ನಾನೇ ಹೇಳಿದೆ.