ದೀಪ ಆರುವವರೆಗೆ

ಕರುಣರಸಕ್ಕೆ ಯಾವ ರಾಗ ಸಲ್ಲುತ್ತದೆಂಬ ವಿಚಾರವನ್ನು ಈ ವಾರ ಮುಂದುವರಿಸುವೆನೆಂದು ಮಾತು ಕೊಟ್ಟಿದ್ದೆ. ಆದರೆ ಮೊನ್ನೆ ಮಿತ್ರರೊಬ್ಬರ ನಾಟಕದ ತಾಲೀಮಿನಲ್ಲಿ ಕಂಡುದು ಅದನ್ನು ಹಿಂದಕ್ಕೆ ತಳ್ಳಿಬಿಟ್ಟಿದೆ. ಮಗನ ಮರಣವಾರ್ತೆ ಕೇಳಿ ಕುಸಿದ ತಾಯಿ ನೆಲದ ಮೇಲಿದ್ದಳು; ಮೊದಲೇ ಧ್ವನಿಮುದ್ರಿಸಿಟ್ಟಿದ್ದ ಶುಭಪಂತುವರಾಳಿಯ ಆಲಾಪನೆ, ನುರಿತ ಕೈಯ ಪಿಟೀಲಿನದು, ಹರಿದುಬರುತ್ತಿತ್ತು. ನಟಿಯ ಬಲಗೈ ನೆಲವನ್ನು ಊರಿತು, ಮೊಣಕಾಲು ಮೇಲೆದ್ದಿತು, ಮಾತು ತುಟಿಯವರೆಗೂ ಬಂದಿತು. ಪಿಟೀಲು ಆಗತಾನೆ ತಾರಷಡ್ಜದ ಕಡೆಗೆ ಹೊರಟಿತ್ತು. ಆಕೆ ಮತ್ತೆ ಕುಳಿತು, ರಾಗ ಮುಗಿಯಲೆಂದು ಕಾದಳು.

ರಾಗದ ಆಯ್ಕೆಯಲ್ಲಿ ದೋಷವಿರಲಿಲ್ಲ. ಕಚೇರಿಯಲ್ಲಿ ವಿಸ್ತಾರದ ಅಳತೆ ರಾಗದೊಳಗೇ ಇರುತ್ತದೆ. ರಂಗದ ಮೇಲಾದರೋ ಅದು ನಟನ ಉಸಿರಿನಲ್ಲಿದೆ. ಗಯಟೆಯ ‘ಎಗ್ಮಾಂಟ್’ ನಾಟಕಕ್ಕೆ 1810ರಲ್ಲಿ ಬೀಥೋವನ್ ರಚಿಸಿದ ಸಂಗೀತವನ್ನು ನಾನು ಮತ್ತೆ ಮತ್ತೆ ನೆನೆಯುವುದು ಇದೇ ಕಾರಣದಿಂದ. ವಿಷ ಸೇವಿಸಿದ ಕ್ಲಾರಾ ರಂಗದಿಂದ ಹೋಗಿಬಿಟ್ಟಿದ್ದಾಳೆ, ರಂಗ ಬರಿದಾಗಿದೆ, ಉಳಿದಿರುವುದು ಒಂದು ದೀಪ ಮಾತ್ರ. ಆಕೆಯ ಸಾವನ್ನು ಸಂಗೀತವು ಸೂಚಿಸಬೇಕು, ದೀಪವು ಕೆಲವು ಬಾರಿ ಭುಗಿಲೆದ್ದು ಆರಬೇಕು ಎಂಬುದು ಕವಿಯ ರಂಗಸೂಚನೆ. ಮಹಾಸಿಂಫನಿಗಳನ್ನು ಕಟ್ಟಿದ ಆ ಕೈ ಇಲ್ಲಿ ಬರೆದುದು ಮಂದಗತಿಯ ಒಂದು ಪುಟ್ಟ ಖಂಡವನ್ನು. ದೀಪದ ಎಣ್ಣೆಗಿಂತ ಹೆಚ್ಚಿನ ಆಯುಸ್ಸನ್ನು ಅದು ಬೇಡುವುದಿಲ್ಲ.

ಧ್ವನಿಮುದ್ರಿತ ಟ್ರ್ಯಾಕಿನ ಪಕ್ಷಪಾತಿಗಳೊಡನೆ ನನ್ನ ವ್ಯಾಜ್ಯ ಹಳೆಯದು. ಪ್ರಯೋಗದಿಂದ ಪ್ರಯೋಗಕ್ಕೆ ಗುಣ ಕೆಡದೆಂಬುದು ಅವರ ವಾದ. ಕೆಡದಿರುವುದೇ ಕೇಡೆಂದು ನನ್ನ ಉತ್ತರ; ಏಕೆಂದರೆ ನಟನು ಇಂದು ನಿನ್ನೆಯವನಲ್ಲ. ಕಂಪನಿ ನಾಟಕಗಳಲ್ಲಿ ಕಾಲು ಹಾರ್ಮೋನಿಯಂ ಮುಂದೆ ಕುಳಿತ ಮಾಸ್ತರರು ನಟನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ‘ಒನ್ಸ್ ಮೋರ್’ ಕೂಗಿಗೆ ಸತ್ತವನೂ ಎದ್ದು ಹಾಡಿದ ಆ ಪದ್ಧತಿಯನ್ನು ನಾನು ಸಮರ್ಥಿಸಲಾರೆ. ಆದರೆ ಆ ಕಣ್ಣಿನ ಎಚ್ಚರವನ್ನು ಕಳೆದುಕೊಂಡುದು ನಮಗಾದ ದೊಡ್ಡ ನಷ್ಟ. ಬಾಲ್ಯದಲ್ಲೇ ಗುಬ್ಬಿ ಕಂಪನಿಯನ್ನು ಸೇರಿ, ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರಿಂದ ಹಿಂದೂಸ್ತಾನಿ ಸಂಗೀತವನ್ನು ಕಲಿತ ಬಿ.ವಿ. ಕಾರಂತರಲ್ಲಿ ಶಾಸ್ತ್ರಜ್ಞಾನವೂ ಈ ಎಚ್ಚರವೂ ಕೂಡಿ ಬಂದಿದ್ದುವು. ಅವರ ರಂಗಗೀತಗಳಲ್ಲಿ ರಾಗವು ಮಾತಿನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತದೆ.

ಭರತಮುನಿಯಾದರೋ ಇದನ್ನೆಲ್ಲ ಎಂದೋ ವಿಧಿಸಿಬಿಟ್ಟಿದ್ದಾನೆ. ನಾಟ್ಯಶಾಸ್ತ್ರದ ಧ್ರುವಾ ಪ್ರಕರಣವನ್ನು ನಾನು ತೆರೆಯದ ತಿಂಗಳಿಲ್ಲ. ಪಾತ್ರವು ಪ್ರವೇಶಿಸುವಾಗ ಪ್ರಾವೇಶಿಕೀ, ನಿಷ್ಕ್ರಮಿಸುವಾಗ ನೈಷ್ಕ್ರಾಮಿಕೀ. ನಡೆಯುತ್ತಿರುವ ರಸವನ್ನು ಕದಡಿ ಮತ್ತೊಂದು ನುಗ್ಗಿದಾಗ ಆಕ್ಷೇಪಿಕೀ. ಕಲಕಿದ ಪ್ರೇಕ್ಷಕಚಿತ್ತವನ್ನು ತಿಳಿಗೊಳಿಸಲು ಪ್ರಾಸಾದಿಕೀ. ಐದನೆಯದಾದ ಅಂತರಾ ಎಂಬುದರ ಮೇಲೆ ನನಗೆ ವಿಶೇಷ ಮಮತೆ. ಪಾತ್ರವು ವಿಷಾದದಿಂದ ಮೈಮರೆತಾಗ, ಮೂರ್ಛೆಹೋದಾಗ, ಪ್ರಯೋಗದಲ್ಲಿ ತಪ್ಪೊಂದು ಸಂಭವಿಸಿದಾಗ, ಅಷ್ಟೇಕೆ, ನಟನು ಸಡಿಲಿದ ಉಡುಗೆಯನ್ನು ಸರಿಪಡಿಸಿಕೊಳ್ಳಬೇಕಾದಾಗಲೂ, ಆ ಬಿರುಕನ್ನು ಮುಚ್ಚುವ ಹಾಡು ಅದು. ಉಡುಗೆ ಯಾವ ಗಳಿಗೆಯಲ್ಲಿ ಸಡಿಲುವುದೆಂದು ಯಾವ ಟ್ರ್ಯಾಕು ಬಲ್ಲದು? ಆದುದರಿಂದಲೇ ಇರಬೇಕು, ವಾದ್ಯಗಾರರ ಕುತಪವನ್ನು ಮುನಿಯು ದೂರದಲ್ಲೆಲ್ಲೋ ಕೂರಿಸದೆ ನೇಪಥ್ಯದ ಎರಡು ಬಾಗಿಲುಗಳ ನಡುವೆ, ರಂಗದ ಮೇಲೆಯೇ ಕೂರಿಸಿದ್ದಾನೆ. ಅಲ್ಲಿ ಮೃದಂಗದ ಮೇಲೆ ಕೈಯಿಟ್ಟು ಕುಳಿತವನಿಗೆ, ಒಳಬರಲಿರುವ ಪಾತ್ರದ ಹೆಜ್ಜೆಯ ಸಪ್ಪಳವು ಪ್ರೇಕ್ಷಕರು ಮುಖವನ್ನು ಕಾಣುವ ಮುನ್ನವೇ ಕೇಳಿಸುತ್ತಿದ್ದಿರಬೇಕು.