ಕಡಲ ಕಡೆಯಿಂದ ಕಂಡ ವಿಜಯನಗರ

ಹಾಯಿಹಡಗುಗಳು ಸಮುದ್ರವನ್ನಾಳುತ್ತಿದ್ದ ಕಾಲದಲ್ಲಿ ಆಂಟ್‌ವರ್ಪ್, ಆಮ್‌ಸ್ಟರ್‌ಡಾಮ್ ಮೊದಲಾದ ಪಟ್ಟಣಗಳ ಮುದ್ರಣಾಲಯಗಳಿಂದ ಹೊರಬಿದ್ದ ಭೂಪಟಗಳು ಇಂದು ನಾವಿಕರಿಗಾಗಲಿ ಭೂಗೋಳಜ್ಞರಿಗಾಗಲಿ ದಾರಿ ತೋರುವ ಸಾಧನಗಳಾಗಿ ಉಳಿದಿಲ್ಲ. ಗಾಜಿನ ಚೌಕಟ್ಟನ್ನು ಸೇರಿ, ಸಿರಿವಂತರ ಹಜಾರಗಳ ಗೋಡೆಗಳಿಗೆ ಅಲಂಕಾರವಾಗಿವೆ. ಹೊಸಪೇಟೆ, ಹಂಪಿಗಳ ಸುತ್ತಿನಲ್ಲಿ ಬಾಳುವ ನಮಗೆ ಇವು ತೀರ ಅನ್ಯವಾದ ವಸ್ತುಗಳೇನೂ ಅಲ್ಲ. 1570ರಲ್ಲಿ ಆರ್ಟೀಲಿಯಸನು ಪ್ರಕಟಿಸಿದ ಭೂಪಟಸಂಪುಟದಿಂದ ಮೊದಲುಗೊಂಡ ಈ ಪರಂಪರೆಯಲ್ಲಿ ಹಿಂದೂಸ್ಥಾನದ ಹಾಳೆಗಳನ್ನು ತೆರೆದು ನೋಡಿದರೆ, ದಕ್ಷಿಣ ಪರ್ಯಾಯದ್ವೀಪದ ನಡುವೆ, ಸಾಳುವ ನರಸಿಂಹನ ಹೆಸರನ್ನು ರಾಜ್ಯಕ್ಕೇ ಇಟ್ಟು ಪೋರ್ಚುಗೀಸರು ಕರೆದ ‘ನರಸಿಂಗ’ವೂ, ವಿಜಯನಗರವೇ ಆದ ‘ಬಿಸ್ನಗರ್’ ಎಂಬ ಪಟ್ಟಣವೂ ಮತ್ತೆ ಮತ್ತೆ ಕಾಣಬರುತ್ತವೆ.

ಈ ಕುಶಲಕಲೆಯ ಹಿರಿಮೆಯನ್ನು ಮೊದಲು ಮನಸಾರೆ ಒಪ್ಪಬೇಕು. ನುಣುಪಾದ ತಾಮ್ರಫಲಕದ ಮೇಲೆ ಪ್ರತಿಯೊಂದು ಅಕ್ಷರವನ್ನೂ ಹಿಂದುಮುಂದಾಗಿ ಕೊರೆದು, ಗೆರೆಗಳ ಆಳಕ್ಕೆ ಮಸಿ ತುಂಬಿ, ಮೇಲಣ ಮಸಿಯನ್ನೆಲ್ಲ ಒರೆಸಿ, ತೇವಗೊಳಿಸಿದ ಕಾಗದವನ್ನು ಅದರ ಮೇಲಿಟ್ಟು ಭಾರವಾದ ಉರುಳೆಯಡಿ ಹಾಯಿಸಿದಾಗ ಮೂಡುವ ಗೆರೆಯಲ್ಲಿ, ಬೇರೆ ಯಾವ ಮುದ್ರಣದಲ್ಲಿಯೂ ದೊರೆಯದ ಒಂದು ಜೀವಂತಿಕೆಯಿದೆ. ಬಳಿಕ ಕುಂಚ ಹಿಡಿದವರು ಗಡಿಗಳಿಗೆ ಹಸುರು, ಹಳದಿ, ನಸುಗೆಂಪು ಬಣ್ಣಗಳನ್ನು ಬಳಿಯುತ್ತಿದ್ದರು. ಕಡಲಿನಲ್ಲಿ ಹಾಯಿ ಬಿಚ್ಚಿದ ಹಡಗುಗಳು, ತಲೆಯೆತ್ತಿದ ಮತ್ಸ್ಯರಾಕ್ಷಸರು, ಹದಿನಾರೋ ಮೂವತ್ತೆರಡೋ ದಳಗಳ ದಿಕ್ಸೂಚಿ ಚಕ್ರ. ಕರಾವಳಿಯುದ್ದಕ್ಕೂ ಬಾಚಣಿಗೆಯ ಹಲ್ಲುಗಳಂತೆ ಒಳಮುಖವಾಗಿ ಬರೆದ ಬಂದರುಗಳ ಹೆಸರುಗಳು. ಗೋವೆ, ಹೊನ್ನಾವರ, ಭಟ್ಕಳಗಳ ಕಡೆಗೆ ಕಣ್ಣು ಹೊರಳಿಸಿದರೆ, ಈ ತೀರದಲ್ಲಿ ಲಂಗರು ಹಾಕಿದವರ ಅನುಭವದ ಭಾರ ಆ ಪುಟ್ಟ ಅಕ್ಷರಗಳಲ್ಲಿ ತುಂಬಿರುವುದು ಗೋಚರವಾಗುತ್ತದೆ.

ಆದರೆ ತೀರವನ್ನು ಬಿಟ್ಟು ಘಟ್ಟವನ್ನೇರಿದೊಡನೆ ಈ ಕಲೆಯ ಸತ್ತ್ವ ಕುಗ್ಗುತ್ತದೆ. ಒಳನಾಡಿನಲ್ಲಿ ಎಲ್ಲೆಡೆಯೂ ಒಂದೇ ಬಗೆಯ ಗುಡ್ಡಗಳ ಸಾಲು, ಗೋಪುರಗಳ ಒಂದೇ ಬಗೆಯ ಪುಟ್ಟ ಗುಂಪು, ಬರಿದಾದ ಎಡೆಯಲ್ಲಿ ಒಂದು ಆನೆ. ಸಂಡೂರಿನ ಕೆಂಪು ಬೆಟ್ಟಗಳಿಗೂ ಹಂಪಿಯ ಬಂಡೆಗುಡ್ಡಗಳಿಗೂ ಇರುವ ಅಂತರ ಆ ಗುಡ್ಡಗಳಲ್ಲಿ ಇಲ್ಲ; ಕಂಪ್ಲಿಯತ್ತ ಹರಿಯುವ ತುಂಗಭದ್ರೆಯ ತಿರುವುಗಳೂ ಇಲ್ಲ. ಇದಕ್ಕಿಂತ ದೊಡ್ಡ ದೋಷ ಕಾಲದ್ದು. 1565ರಲ್ಲಿ ರಾಜಧಾನಿ ಹಾಳಾಯಿತು. 1567ರಲ್ಲಿ ಅಲ್ಲಿಗೆ ಬಂದ ವೆನಿಸ್ಸಿನ ವರ್ತಕ ಚೇಸರೆ ಫೆದೆರೀಚಿಯು ಬರಿದಾದ ಮನೆಗಳನ್ನು ಕಂಡು ಬರೆದ ವೃತ್ತಾಂತ 1587ರಲ್ಲಿಯೇ ಅಚ್ಚಾಯಿತು. ಹಾಗಿದ್ದರೂ 17ನೆಯ ಶತಮಾನದ ಭೂಪಟಗಳಲ್ಲಿ ಬಿಸ್ನಗರ ಏನೂ ಆಗದಂತೆ ನಿಂತಿದೆ. ಕಾರಣ ಗೂಢವಾದುದಲ್ಲ: ಕೊರೆದ ಫಲಕ ಬೆಲೆಬಾಳುವ ಸ್ವತ್ತು, ಮರ್ಕೇಟರನ ಫಲಕಗಳನ್ನು ಅವನ ಮರಣಾನಂತರ ಕೊಂಡ ಹಾಂಡಿಯಸ್ 1606ರಲ್ಲಿ ಅವುಗಳಿಗೆ ಹೊಸ ಫಲಕಗಳನ್ನು ಕೂಡಿಸಿ ಮಾರಿದಂತೆ, ಒಬ್ಬನ ಫಲಕ ಇನ್ನೊಬ್ಬನ ಕೈಸೇರಿ, ಒಬ್ಬನ ಕಲ್ಪನೆ ಇನ್ನೊಬ್ಬನ ಪ್ರಮಾಣವಾಯಿತು. ಅಲಂಕರಿಸಿದುದು ತಪ್ಪೆಂದು ನಾನು ಹೇಳಲಾರೆ; ಅರಿವು ಬರಬೇಕಾದ ಸ್ಥಾನದಲ್ಲಿ ಅಲಂಕಾರ ನೆಲೆಯೂರಿ ವಿಚಾರಣೆಯನ್ನೇ ತಡೆದುದು ತಪ್ಪು.

1752ರ ತನ್ನ ಭೂಪಟದಲ್ಲಿ ಫ್ರಾನ್ಸಿನ ದಾನ್ವಿಲನು ತಿಳಿಯದ ಎಡೆಯನ್ನು ಬರಿದಾಗಿಯೇ ಬಿಟ್ಟನು. ಆ ಬಿಳುಪು ಈ ಪರಂಪರೆಯ ಅತ್ಯಂತ ಪ್ರಾಮಾಣಿಕವಾದ ಚಿತ್ರವೆಂದು ನನ್ನ ಭಾವನೆ. ಅಲಂಕಾರವಾದರೋ ಅಳಿಯಲಿಲ್ಲ, ಮೂಲೆಗೆ ಸರಿದು ರಾಜಕಾರಣವಾಯಿತು: ಇಂಗ್ಲೆಂಡಿನ ರೆನೆಲನ 1782ರ ಭೂಪಟದ ಶೀರ್ಷಿಕೆಯ ಸುತ್ತಣ ಚಿತ್ರದಲ್ಲಿ ಪಂಡಿತರು ತಮ್ಮ ಶಾಸ್ತ್ರಗ್ರಂಥಗಳನ್ನು ಬ್ರಿಟಾನಿಯಾ ದೇವಿಯ ರಕ್ಷಣೆಗೆ ಒಪ್ಪಿಸುತ್ತಾರೆ. ಕೊನೆಗೆ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿಯು ಹಂಪಿಯ ಅವಶೇಷಗಳನ್ನು ಅಳೆಯಿಸಿ ಜಲವರ್ಣದ ನಕ್ಷೆಯನ್ನು ಸಿದ್ಧಪಡಿಸಿದನು. ಅವನೂ ಆಳುವವರ ಸೇವಕನೇ. ಆದರೂ ನದಿ, ಬಂಡೆ, ಗುಡಿಗಳು ತಂತಮ್ಮ ನೆಲೆಗಳಲ್ಲಿ ನಿಂತಿರುವ ಆ ನಕ್ಷೆಯ ಮುಂದೆ ಬಿಸ್ನಗರದ ಗೋಪುರಗಳು ನಿರ್ಜೀವವಾಗಿ ಕಾಣುತ್ತವೆ.

ಅವರು ನಮ್ಮನ್ನು ಚಿತ್ರಿಸುತ್ತಿದ್ದಾಗ ನಮ್ಮವರೂ ಸುಮ್ಮನಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಗಡ್ಡಧಾರಿಗಳಾದ, ಚೂಪು ಟೋಪಿಯ ವಿದೇಶೀಯರಿದ್ದಾರೆ. ಹಜಾರ ರಾಮನ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಆನೆಗಳ ಸಾಲಿನ ಮೇಲೆ ಕುದುರೆಗಳ ಸಾಲು ನಡೆದಿದೆ. ಕಡಲು ದಾಟಿ ಬಂದ ಕುದುರೆಯ ಕೊರಳಿನ ಬಾಗು, ಅದನ್ನು ಹಿಡಿದು ನಡೆಸುವವನ ಹೆಜ್ಜೆ, ಇವನ್ನು ಹಂಪಿಯ ಶಿಲ್ಪಿ ಕಣ್ಣಾರೆ ಕಂಡು ಕಡೆದನು. ಆಮ್‌ಸ್ಟರ್‌ಡಾಮಿನ ಕೊರೆಗಾರನು ಹಂಪಿಯನ್ನು ಕಾಣದೆಯೇ ಕೊರೆದನು. ಕಲೆಯೆಂದೇ ತೂಗಿದರೂ ಶಿಲ್ಪಿಯ ತಟ್ಟೆ ತಗ್ಗುವುದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಈಗಿನ ವ್ಯಾಪಾರಿಗಳು ಹಳೆಯ ಸಂಪುಟಗಳನ್ನು ಬಿಚ್ಚಿ ಹಾಳೆಹಾಳೆಯಾಗಿ ಮಾರುತ್ತಾರೆ. ಹಾಳೆಯ ಬೆನ್ನಿಗೆ ಅಚ್ಚಾದ ದೇಶವರ್ಣನೆ ಚೌಕಟ್ಟಿನ ಹಲಗೆಗೆ ಅಂಟಿ ಮರೆಯಾಗುತ್ತದೆ. ಬಣ್ಣವಿಲ್ಲದ ಹಾಳೆಗೆ ಇತ್ತೀಚೆಗೆ ಬಣ್ಣ ಬಳಿದು ಬೆಲೆಯೇರಿಸುವುದೂ ಉಂಟು. ಹಾಗೆ ಹರಿದ ಒಂದು ಹಾಳೆಯನ್ನು ಕೊಳ್ಳುವುದಕ್ಕಿಂತ ಉತ್ತಮವಾದ ದಾರಿಯಿದೆ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಹಂಪಿಯ ಪ್ರದೇಶದ ದೊಡ್ಡ ಪ್ರತಿಕೃತಿಯೊಂದಿದೆ. ಅದರ ಪಕ್ಕದಲ್ಲಿ ಬಿಸ್ನಗರವನ್ನು ತೋರುವ ಒಂದು ಡಚ್ ಭೂಪಟದ ಪ್ರತಿಯನ್ನೂ ಮೆಕೆಂಜಿಯ ನಕ್ಷೆಯ ಪ್ರತಿಯನ್ನೂ ಜೊತೆಜೊತೆಯಾಗಿ ತೂಗಹಾಕಿ, ಹೊಸಪೇಟೆ, ಸಂಡೂರು, ಕಂಪ್ಲಿಗಳ ಶಾಲೆಯ ಮಕ್ಕಳನ್ನು ಕರೆತಂದು ತೋರಿಸಬೇಕೆಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ.