ಬಿರುಕು, ಸೀಳು, ಸೆಲೆ

‘ಫಿಷರ್’ ಎಂಬ ಪದ ನಮ್ಮ ಊರುಗಳ ಗೋಡೆಗಳ ಮೇಲೆ ಬಹಳ ದಿನಗಳಿಂದ ಇದೆ. ‘ಪೈಲ್ಸ್, ಫಿಷರ್, ಫಿಸ್ಟುಲಾ’ ಎಂಬ ಜಾಹೀರಾತನ್ನು ಬಸ್ ನಿಲ್ದಾಣದ ಕಾಂಪೌಂಡಿನ ಮೇಲೆ ಓದದವರು ಕಡಿಮೆ. ಆಸ್ಪತ್ರೆಯ ಆಚೆ ಇದೇ ಪದ ಎದುರಾದರೆ ನಮ್ಮ ಅನುವಾದಕರು ಹೆಚ್ಚು ಯೋಚಿಸುವುದಿಲ್ಲ, ‘ಬಿರುಕು’ ಎಂದು ಬರೆದು ಮುಂದೆ ಹೋಗುತ್ತಾರೆ. ಕ್ರ್ಯಾಕ್ ಬಿರುಕು, ಕ್ರೆವಿಸ್ ಬಿರುಕು, ಫಿಷರ್ ಕೂಡ ಬಿರುಕು. ನಮ್ಮಲ್ಲಿ ಪದಗಳಿಗೆ ಬರವೇನಿಲ್ಲ. ಸೀಳು, ಸಂದು, ಒಡಕು, ಕಂಡಿ ಎಲ್ಲವೂ ಇವೆ. ಆದರೆ ಬಿರುಕು ಈಗ ಒಂದೇ ಧ್ವನಿಯ ಪದವಾಗಿದೆ. ಸಂಸಾರದಲ್ಲಿ ಬಿರುಕು, ಪಕ್ಷದಲ್ಲಿ ಬಿರುಕು, ಸ್ನೇಹದಲ್ಲಿ ಬಿರುಕು. ವಿಮರ್ಶೆ ಬರೆಯುವ ನಾವೂ ಹಾಗೆಯೇ ಬಳಸುತ್ತೇವೆ: ಮೊದಲು ಇಡಿಯಾಗಿದ್ದದ್ದು ಈಗ ಕೆಟ್ಟಿದೆ ಎಂದು ಹೇಳುವುದಕ್ಕೆ.

ಇಂಗ್ಲಿಷಿನ ಈ ಪದಗಳು ಒಂದೇ ಮನೆಯವಲ್ಲ. ಕ್ರ್ಯಾಕ್ ಎಂಬುದು ಸದ್ದಿನಿಂದ ಹುಟ್ಟಿದ ಪದ. ಕ್ರೆವಿಸ್ ಕೂಡ ಸಿಡಿಯುವ ಸದ್ದನ್ನು ಹೇಳುವ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಫಿಷರ್ ಮಾತ್ರ ಸದ್ದನ್ನಲ್ಲ, ಕೆಲಸವನ್ನು ನೆನಪಿಟ್ಟುಕೊಂಡಿದೆ. ಅದರ ಮೂಲ ‘ಫಿಂಡೆರೆ’, ಅಂದರೆ ಸೀಳು. ಅದೇ ಬೇರಿನಿಂದ ಬಂದ ಇನ್ನೊಂದು ಪದ ‘ಫಿಷನ್’. 1939ರಲ್ಲಿ ಆಟೊ ಫ್ರಿಶ್ ಮತ್ತು ಲೀಸ ಮೈಟ್ನರ್ ಯುರೇನಿಯಂ ಪರಮಾಣುವಿನ ಬೀಜ ಎರಡಾಗುವುದನ್ನು ವಿವರಿಸಿದಾಗ ಅದಕ್ಕೊಂದು ಹೆಸರು ಬೇಕಾಯಿತು. ಜೀವಕೋಶ ಎರಡಾಗುವುದಕ್ಕೆ ನೀವೇನೆನ್ನುತ್ತೀರಿ ಎಂದು ಫ್ರಿಶ್ ಒಬ್ಬ ಜೀವವಿಜ್ಞಾನಿಯನ್ನು ಕೇಳಿ ಆ ಪದವನ್ನು ತಂದ. ಕನ್ನಡದ ಪಠ್ಯಪುಸ್ತಕಗಳು ಅದನ್ನು ‘ವಿದಳನ’ ಎಂದವು. ಫಿಷರ್ ಬಿರುಕಾಯಿತು, ಫಿಷನ್ ವಿದಳನವಾಯಿತು. ಒಡಹುಟ್ಟಿದವು ಕನ್ನಡದಲ್ಲಿ ಪರಿಚಯವಿಲ್ಲದವರಂತೆ ಉಳಿದವು.

ಈ ಎರಡು ಪದಗಳು ನಿಜವಾಗಿ ಒಂದೆಡೆ ಸೇರುವ ಊರು ನಮ್ಮಲ್ಲೇ ಇದೆ. ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿ. ಇತಿಹಾಸ ಓದಿದವರಿಗೆ ಇದು ಚಂದಾ ಹುಸೇನಿ ದರ್ಗಾದ ಊರು, ವಿಜಯಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿರುವ ಊರು. ಭೂವಿಜ್ಞಾನಿಗಳಿಗೆ ಇದು ಯುರೇನಿಯಂ ಇರುವ ಊರು. ಇಲ್ಲಿ ಕೆಳಗೆ ಹಳೆಯ ಗ್ರಾನೈಟ್, ಅದರ ಮೇಲೆ ಭೀಮಾ ತೀರದ ಸುಣ್ಣಕಲ್ಲು. ಎರಡನ್ನೂ ಕತ್ತರಿಸಿಕೊಂಡು ಕುರ್ಲಗೇರಿ–ಗೋಗಿ ಸ್ತರಭಂಗ ಹಾದುಹೋಗುತ್ತದೆ. ಆ ಎಳೆತಕ್ಕೆ ಸಿಕ್ಕು ನುರಿದ ಕಲ್ಲಿನ ಸೀಳುಗಳಲ್ಲಿ ಖನಿಜ ಕರಗಿದ ದ್ರವ ಹರಿದು, ಹೋಗುತ್ತಾ ಹೋಗುತ್ತಾ ಯುರೇನಿಯಂ ಬಿಟ್ಟುಹೋಗಿದೆ. ಫಿಷರ್‌ನಲ್ಲಿ ಕೂತಿರುವುದು ಫಿಷನ್ನಿಗೆ ಬೇಕಾದ ವಸ್ತು.

ಇಲ್ಲಿ ‘ಬಿರುಕು’ ಎಂದು ಬರೆದರೆ ಓದುವವರಿಗೆ ಗೋಡೆ ಬಿಟ್ಟದ್ದು ಕಾಣುತ್ತದೆ. ಆದರೆ ಗೋಗಿಯ ಕಲ್ಲಿನ ಸೀಳು ಹಾನಿಯಾಗುವ ಮೊದಲು ದಾರಿ. ಹಿಂದೆ ಅದರಲ್ಲಿ ಖನಿಜ ಹರಿಯಿತು, ಈಗ ನೀರು ಹರಿಯುತ್ತದೆ. ಗ್ರಾನೈಟ್ ಮರಳಿನಂತೆ ನೀರು ಹಿಡಿಯುವುದಿಲ್ಲ. ನೀರು ನಿಲ್ಲುವುದೂ ಸಾಗುವುದೂ ಅದರ ಸೀಳುಗಳಲ್ಲೇ. ಬೋರ್‌ವೆಲ್ ಕೊರೆಸಿದ ರೈತನಿಗೆ ಇದು ಗೊತ್ತು. ಆದರೆ ಅವನು ‘ಬಿರುಕು ಸಿಕ್ಕಿತು’ ಎನ್ನುವುದಿಲ್ಲ, ‘ಸೆಲಿ ಸಿಕ್ತು’ ಎನ್ನುತ್ತಾನೆ. ಸೆಲೆ ಎಂಬುದು ಕಲ್ಲು ಒಡೆದದ್ದನ್ನು ಹೇಳುವ ಪದವಲ್ಲ, ಒಡೆದ ಕಡೆಯಿಂದ ಬಂದದ್ದನ್ನು ಹೇಳುವ ಪದ. ಮೇಲಿನ ಎರೆಮಣ್ಣಿನ ವಿಷಯದಲ್ಲೂ ಹೀಗೆಯೇ. ಬೇಸಿಗೆಯಲ್ಲಿ ಅದರ ಜೇಡಿ ಕುಗ್ಗಿ ಕೈ ಹೋಗುವಷ್ಟು ಅಗಲಕ್ಕೆ ಸೀಳುತ್ತದೆ. ಜನ ಅದನ್ನು ‘ಹೊಲ ಬಾಯಿ ಬಿಟ್ಟೈತಿ’ ಎನ್ನುತ್ತಾರೆ. ಬಾಯಿ ಬಿಟ್ಟದ್ದು ಹಸಿವಿಗೂ ಹೌದು, ನೀರು ಕುಡಿಯುವುದಕ್ಕೂ ಹೌದು. ಮೇಲಿನ ಸಡಿಲ ಮಣ್ಣು ಆ ಸೀಳಿಗೆ ಬಿದ್ದು, ಮಳೆ ಬಂದಾಗ ಉಬ್ಬಿ, ವರುಷಗಳ ಮೇಲೆ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ.

ಪದದ ಆಯ್ಕೆ ಇಲ್ಲಿ ಬರಿಯ ನಿಘಂಟಿನ ವಿಷಯವಾಗಿ ಉಳಿಯುವುದಿಲ್ಲ. ಗೋಗಿಯಲ್ಲಿ ಯುರೇನಿಯಂ ಗಣಿಗಾರಿಕೆಯ ಮಾತು ಬಂದಾಗ ಊರಿನವರು ವಿರೋಧಿಸಿದ್ದು, ನೀರಿನ ಬಗ್ಗೆ ಭಯ ಹೇಳಿದ್ದು ಎಲ್ಲರಿಗೂ ತಿಳಿದದ್ದೇ. ಅದಿರಿನ ದಾರಿಯೂ ನೀರಿನ ದಾರಿಯೂ ಅದೇ ಒಡೆದ ಕಲ್ಲಿನೊಳಗೆ ಎಂಬುದು ಆ ಭಯದ ತಿರುಳು. ತಂತ್ರಜ್ಞನ ವರದಿ ‘ಬಿರುಕು ವಲಯ’ ಎಂದರೆ ಕೇಳುವವರಿಗೆ ಅದು ಆಳದಲ್ಲೆಲ್ಲೋ ಇರುವ ಕಲ್ಲಿನ ಸಮಾಚಾರ. ‘ಸೆಲೆ ಇರುವ ಕಲ್ಲು’ ಎಂದರೆ ಅದು ಅವರ ಬಾವಿಯ ಸಮಾಚಾರ. ಎರಡೂ ಒಂದೇ ಜಾಗವನ್ನು ತೋರಿಸಬಹುದು, ಆದರೆ ಎರಡನೆಯದನ್ನು ಕೇಳಿದವರು ಮುಂದಿನ ಪ್ರಶ್ನೆ ಕೇಳಬಲ್ಲರು. ಪ್ರಶ್ನೆ ಕೇಳಲು ಬಿಡದ ಅನುವಾದ ಎಷ್ಟೇ ಶುದ್ಧವಾಗಿದ್ದರೂ ಅರ್ಧ ಅನುವಾದ.

ಹಾಗೆಂದು ‘ಬಿರುಕು’ ಪದವನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿರುವ ‘ಬಿರಿ’ ಎಂಬ ಕ್ರಿಯಾಪದವನ್ನು ನೋಡಿ. ನೆಲ ಬಿರಿಯುತ್ತದೆ, ಎದೆ ಬಿರಿಯುತ್ತದೆ, ಮೊಗ್ಗೂ ಬಿರಿಯುತ್ತದೆ. ವಿದಳನದೊಳಗಿನ ಸಂಸ್ಕೃತದ ‘ದಲ್’ ಧಾತುವಿಗೂ ಒಡೆ ಮತ್ತು ಅರಳು ಎಂಬ ಎರಡು ಅರ್ಥ. ಹೂವಿನ ದಳ, ತೊಗರಿಯ ಬೇಳೆಯನ್ನು ನೆನಪಿಸುವ ದ್ವಿದಳ ಅಲ್ಲಿಂದಲೇ ಬಂದವು. ಇಂಗ್ಲಿಷಿನ ನಂಟು ನಮ್ಮಲ್ಲಿ ತಪ್ಪಿತು ಎಂದೆನಲ್ಲ, ಅದರ ಬದಲು ಇನ್ನೊಂದು ನಂಟು ಇಲ್ಲಿದೆ: ಒಡೆಯುವುದು ಮತ್ತು ತೆರೆಯುವುದು ಕನ್ನಡದ ಕಿವಿಗೆ ದೂರದ ಮಾತುಗಳಲ್ಲ. ಕ್ರಿಯಾಪದದಲ್ಲಿ ಉಳಿದ ಈ ಎರಡನೆಯ ಅರ್ಥವನ್ನು ನಾಮಪದ ಕಳೆದುಕೊಂಡಿತು, ಕಳೆದದ್ದು ನಮ್ಮ ಬರವಣಿಗೆಯಲ್ಲಿ. ಆದರೆ ಈ ಚೆಲುವಾದ ನಂಟನ್ನು ಹಿಡಿದುಕೊಂಡು ಗಣಿಯನ್ನು ಹೂವಿಗೆ ಹೋಲಿಸುವ ಉತ್ಸಾಹವೂ ಬೇಡ. ತೆರೆದದ್ದರಿಂದ ಏನು ಹೊರಬರುತ್ತದೆ ಎಂಬುದು ಆಮೇಲಿನ ಪ್ರಶ್ನೆ, ಮುಖ್ಯ ಪ್ರಶ್ನೆಯೂ ಅದೇ.

ಅನುವಾದಕರಿಗೆ ನನ್ನ ಸಲಹೆ ಸಣ್ಣದು. ಗೋಡೆಯದು ಬಿರುಕು ಇರಲಿ, ಕಲ್ಲಿನದು ಸೀಳು ಆಗಲಿ. ಆ ಸೀಳಿನಲ್ಲಿ ನೀರಿದ್ದರೆ ಸೆಲೆ ಎಂದೇ ಬರೆಯೋಣ, ಅದಿರಿದ್ದರೆ ಅದಿರಿನ ಸೀಳು ಎನ್ನೋಣ. ಎರಡೂ ಇರುವ ಕಡೆ ಎರಡನ್ನೂ ಬರೆಯೋಣ. ವಾಕ್ಯ ಸ್ವಲ್ಪ ಉದ್ದವಾದರೆ ಆಗಲಿ.